ಹದಿಮೂರು ವರ್ಷ ಬಿಟ್ಟು ಮತ್ತೆ ಕ್ಲಚ್ಚು ತುಳಿದಾಗ

ಕೈಯಲ್ಲಿ ಒಂದು ಅರ್ಜಿ ಹಿಡಿದು ಮನೆಯಿಂದ ಹೊರಟರೆ ಸಾಕು, ನಗುವಂಥದ್ದು ಏನಾದರೂ ಆಗಿಯೇ ತೀರುತ್ತದೆ. ಆಗುವ ಹೊತ್ತಿಗೆ ಮೈಯೆಲ್ಲ ಉರಿಯುತ್ತದೆ. ನಗು ಬರುವುದು ಮನೆಗೆ ಬಂದು ಕಾಲು ತೊಳೆದ ಮೇಲೆ.

ನಾನು ಹಿಂದೆ ಸಹಕಾರನಗರದ ಕಡೆ ಕಸದ ಆಟೋ ಟಿಪ್ಪರ್ ಓಡಿಸುತ್ತಿದ್ದವಳು. ಹೆಸರಿಗೆ ಆಟೋ, ಇರುವುದು ನಾಲ್ಕು ಚಕ್ರ ಮತ್ತು ಸ್ಟೀರಿಂಗು. ಕಸ ಎತ್ತುವವರಿಗೆ ಗ್ಲೌಸು ಕೊಡಿ ಎಂದು ಒಂದು ದಿನ ಗಾಡಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿದೆ. ಗ್ಲೌಸು ಬಂತು, ನನ್ನ ಕೆಲಸ ಹೋಯಿತು. ಅದಾಗಿ ಹದಿಮೂರು ವರ್ಷ. ಆಮೇಲೆ ನಾನು ಹಿಡಿದದ್ದು ಪೌರಕಾರ್ಮಿಕರ ಸಂಘದ ಮೈಕು.

ಮತ್ತೆ ಸ್ಟೀರಿಂಗಿಗೆ ನನ್ನನ್ನು ಎಳೆದು ತಂದವರು ಏಳು ಜನ ಹೆಂಗಸರು. ಬಾಗಲೂರಿನ ನಮ್ಮ ಕಾಲೋನಿಯಿಂದ ಅಮೃತಹಳ್ಳಿ ಕಡೆಗೆ ರಸ್ತೆ ಗುಡಿಸಲು ಹೋಗುವವರು. ಬೆಳಿಗ್ಗೆ ಆರೂವರೆಗೆ ಅಲ್ಲಿ ಹಾಜರಿ ಮೆಷಿನ್ನಿಗೆ ಮುಖ ತೋರಿಸಬೇಕು. ಹತ್ತು ನಿಮಿಷ ತಡವಾದರೆ ಅರ್ಧ ದಿನ ಗೈರು. ತಿಂಗಳಲ್ಲಿ ಮೂರು ಸಲ ತಡವಾದರೆ ಕೆಲಸವೇ ಇಲ್ಲ ಎಂದು ಹೊಸದಾಗಿ ಬೋರ್ಡು ಬೇರೆ ಬರೆದು ಹಾಕಿದ್ದರು. ಬೋರ್ಡು ಬರೆಸಿದವರು ಆ ಹೊತ್ತಿನಲ್ಲಿ ಬಾಗಲೂರಿನಿಂದ ಬಸ್ಸು ಹಿಡಿದು ನೋಡಿದವರಲ್ಲ. ಮೊದಲ ಬಸ್ಸು ಬರುವುದು ಅದಕ್ಕೆ ಮನಸ್ಸು ಬಂದಾಗ.

ನಮ್ಮೂರಿನ ಜಮೀನುದಾರರೊಬ್ಬರು ಇದ್ದಾರೆ. ಇದ್ದ ಹೊಲವನ್ನೆಲ್ಲ ಸೈಟು ಮಾಡಿ ಮಾರಿ ಮುಗಿಸಿ, ಈಗ ಚುನಾವಣೆಗೆ ನಿಲ್ಲುವ ಯೋಚನೆಯಲ್ಲಿರುವವರು. ಅವರು ನಮ್ಮ ಸಂಘಕ್ಕೆ ಒಂದು ಹಳೇ ವ್ಯಾನು ದಾನ ಕೊಟ್ಟರು. ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡರು, ಹೋದರು. ವ್ಯಾನು ಉಳಿಯಿತು, ಓಡಿಸುವವರಿಲ್ಲ. ಏಳೂ ಜನ ನನ್ನ ಕಡೆ ತಿರುಗಿದರು. ಅವರಲ್ಲಿ ಹಿರಿಯಾಕೆ ತೆಲುಗಿನವಳು, ನನಗೆ ಐವತ್ತು ದಾಟಿದರೂ ಅಮ್ಮಾಯಿ, ಅಂದರೆ ಹುಡುಗಿ, ಎಂದೇ ಕರೆಯುತ್ತಾಳೆ.

"ಅಮ್ಮಾಯಿ, ಅಷ್ಟು ವರ್ಷ ಕಸಾನ ಕರ್ಕೊಂಡು ಹೋದೆ. ನಮ್ಮನ್ನ ಕರ್ಕೊಂಡು ಹೋಗಕ್ಕಾಗಲ್ವಾ?"

ಟ್ರಂಕಿನ ತಳದಿಂದ ಹಳೇ ಡಿಎಲ್ ಹುಡುಕಿ ತೆಗೆದೆ.

1. ಕಣ್ಣಿನ ಪರೀಕ್ಷೆ

ಆರ್‌ಟಿಓ ಕೌಂಟರಿನವನು ಡಿಎಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರ ಅವಧಿ ಮುಗಿದು ಏಳು ವರ್ಷ ಆಯ್ತಲ್ಲಮ್ಮ. ಮೊದಲಿಂದ ಶುರು. ಎಲ್‌ಎಲ್‌ಆರ್ ಮಾಡಿಸ್ಬೇಕು, ಕಲೀಬೇಕು, ಟೆಸ್ಟ್ ಕೊಡ್ಬೇಕು."

"ಕಲ್ತಿದೀನಲ್ಲ ಸ್ವಾಮಿ. ನಾಲ್ಕು ವರ್ಷ ಓಡ್ಸಿದೀನಿ."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಕಂಪ್ಯೂಟರ್‌ಗೆ ಗೊತ್ತಿಲ್ಲ. ನಲವತ್ತು ದಾಟಿದೆಯಲ್ಲ, ಡಾಕ್ಟರ್ ಸರ್ಟಿಫಿಕೇಟೂ ಬೇಕು."

ಡಾಕ್ಟರ ಶಾಪಿನ ಮುಂದೆ ನಮ್ಮಂಥವರದೇ ಸಾಲು. ಎಲ್ಲರ ಕೈಯಲ್ಲೂ ಅದೇ ಫಾರಂ. ಡಾಕ್ಟರು ಮೇಜಿನ ಮೇಲೆ ಫೋನು ಒರಗಿಸಿಟ್ಟುಕೊಂಡು ಕ್ರಿಕೆಟ್ ನೋಡುತ್ತಿದ್ದರು. ಎಡಗೈ ಫಾರಂ ಎಳೆದುಕೊಳ್ಳುತ್ತಿತ್ತು, ಬಲಗೈ ಸಹಿ ಹಾಕುತ್ತಿತ್ತು. ನನ್ನ ಸರದಿ ಬಂತು. ಕಣ್ಣು ಸರಿ ಇದೆ, ಕಿವಿ ಸರಿ ಇದೆ, ಕೈಕಾಲು ಸರಿ ಇದೆ ಎಂದು ಟಿಕ್ಕು ಹಾಕಿ, ಮೊಹರು ಒತ್ತಿ, ಫಾರಮ್ಮನ್ನು ನನ್ನ ಕಡೆ ತಳ್ಳಿದರು. ಒಂದು ಸಲವೂ ತಲೆ ಎತ್ತಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ನೀವು ನನ್ನ ನೋಡ್ಲೇ ಇಲ್ವಲ್ಲ?"

"ನೀವು ನನ್ನ ನೋಡಿದ್ರಲ್ಲ?"

"ನೋಡ್ದೆ."

"ಮತ್ತೆ? ಕಣ್ಣು ಸರಿಯಾಗಿದೆ. ನೆಕ್ಸ್ಟ್!"

2. ಉತ್ತರ ಇಲ್ಲದ ಪ್ರಶ್ನೆ

ಎಲ್‌ಎಲ್‌ಆರ್‌ಗೆ ಕಂಪ್ಯೂಟರಿನಲ್ಲಿ ಪರೀಕ್ಷೆ. ಒಂದು ಚಿತ್ರ ತೋರಿಸಿ, ಇದೇನು ಎಂದು ಕೇಳಿ, ಕೆಳಗೆ ನಾಲ್ಕು ಉತ್ತರ ಕೊಡುತ್ತದೆ. ಹಾರ್ನ್ ಹೊಡೆಯಬಾರದು, ಎಡಕ್ಕೆ ತಿರುಗಬಾರದು, ಮುಂದೆ ಶಾಲೆ ಇದೆ, ಎಲ್ಲ ಸರಿಯಾಗಿ ಒತ್ತಿದೆ. ಆಮೇಲೆ ಒಂದು ಚಿತ್ರ ಬಂತು. ಕರೀ ನೆಲ, ಅದರ ಮೇಲೆ ಸಾಲಾಗಿ ಬಿಳೀ ಪಟ್ಟೆ.

ಚರಂಡಿ ಜಾಲರಿ ಎಂದುಕೊಂಡೆ. ನಾಲ್ಕೂ ಉತ್ತರ ಓದಿದೆ, ಒಂದರಲ್ಲೂ ಚರಂಡಿ ಇಲ್ಲ. ಕೈ ಎತ್ತಿ ಮೇಲ್ವಿಚಾರಣೆಯವನನ್ನು ಕರೆದೆ.

"ಸಾರ್, ಸರಿ ಉತ್ತರ ಹಾಕೋದು ಮರ್ತಿದೀರ."

ಅವನು ಬಗ್ಗಿ ನೋಡಿದ. "ಜೀಬ್ರಾ ಕ್ರಾಸಿಂಗ್ ಕಣಮ್ಮ! ಜನ ರಸ್ತೆ ದಾಟೋ ಜಾಗ. ರಸ್ತೇಲಿ ನೋಡಿಲ್ವಾ?"

"ಇಪ್ಪತ್ತು ವರ್ಷದಿಂದ ರಸ್ತೇಲೇ ಇದೀನಿ. ಗುಡ್ಸಿದೀನಿ, ಧರಣಿ ಕೂತಿದೀನಿ, ಪೊಲೀಸ್ರು ಎತ್ತಿ ಎಸೆದಾಗ ಬಿದ್ದೂ ಇದೀನಿ. ಇಂಥದ್ದು ಕಂಡಿಲ್ಲ. ಎಲ್ಲಿದೆ, ತೋರ್ಸಿ."

"ಎಲ್ಲೋ ಯಾಕೆ, ನಮ್ ಆಫೀಸ್ ಮುಂದೇನೇ ಇದೆಯಲ್ಲ!" ಎಂದು ಕಿಟಕಿಯ ಹತ್ತಿರ ಹೋದ. ಹೊರಗೆ ಬಗ್ಗಿ ಆ ಕಡೆ ನೋಡಿದ, ಈ ಕಡೆ ನೋಡಿದ. ಪರೀಕ್ಷೆ ಬರೆಯುತ್ತಿದ್ದವರೆಲ್ಲ ಬರೆಯುವುದು ಬಿಟ್ಟು ಅವನನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ವಾಪಸ್ಸು ಬಂದು ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ:

"ಇತ್ತು. ಹೋದ್ಸಲ ಟಾರ್ ಹಾಕ್ದಾಗ ಮುಚ್ಚೋಯ್ತು ಅನ್ಸುತ್ತೆ. ನೀವು ಮೊದಲ್ನೇದು ಒತ್ಬಿಡಿ."

3. ಗೇಟು ಬಂತು

ಡ್ರೈವಿಂಗ್ ಸ್ಕೂಲಿನ ಮಾಸ್ಟರು ಆರ್.ಟಿ. ನಗರದವರು, ಹೆಚ್ಚುಕಡಿಮೆ ನನ್ನ ವಯಸ್ಸು. ಹೆಂಡತಿಯ ಜೊತೆ ಫೋನಿನಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಅಡ್ಡ ಬರುವ ಬೈಕಿನವರ ಜೊತೆ ಬರೆಯಬಾರದ ಒಂದು ಭಾಷೆ. ಅವರ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು.

ಮೊದಲ ದಿನ ಬೆಳಿಗ್ಗೆ ಏಳಕ್ಕೆ ಅಮೃತಹಳ್ಳಿಯ ಅಡ್ಡರಸ್ತೆಯೊಂದಕ್ಕೆ ಕಾರು ತಂದರು. ಸ್ಟಾರ್ಟ್ ಮಾಡಿದೆ, ಫಸ್ಟ್ ಗೇರ್ ಹಾಕಿದೆ, ಕಾರು ಸಲೀಸಾಗಿ ಹೊರಟಿತು. ಮೂವತ್ತು ಅಡಿ ಹೋಗಿ ನಿಂತಿತು.

"ಯಾಕಕ್ಕಾ ನಿಲ್ಸಿದ್ರಿ?"

"ಗೇಟು ಬಂತಲ್ಲ."

"ಯಾರ್ ಗೇಟು? ನಾವೇನ್ ನೆಂಟ್ರ ಮನೆಗ್ ಬಂದಿದೀವಾ? ಹೋಗ್ಲಿ ಮುಂದೆ."

ಹೊರಟೆ. ಮುಂದಿನ ಗೇಟಿಗೆ ಮತ್ತೆ ನಿಂತಿತು. ನಾನು ನಿಲ್ಲಿಸಿದ್ದಲ್ಲ, ಕಾಲು ನಿಲ್ಲಿಸಿದ್ದು. ನಾಲ್ಕು ವರ್ಷ ಗೇಟಿನಿಂದ ಗೇಟಿಗೆ ಫಸ್ಟ್ ಗೇರಿನಲ್ಲೇ ಓಡಿಸಿದ ಕಾಲು ಅದು. ಹದಿಮೂರು ವರ್ಷ ಕಳೆದದ್ದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಮಾಸ್ಟರು ಪ್ರತಿ ಗೇಟಿಗೂ "ಯಾ ಅಲ್ಲಾ" ಅನ್ನುತ್ತಿದ್ದರು.

ಏಳನೇ ಗೇಟಿನಲ್ಲಿ ನಿಂತಾಗ ನೈಟಿ ತೊಟ್ಟ ಹೆಂಗಸೊಬ್ಬಳು ಅರೆಗಣ್ಣಿನಲ್ಲಿ ಹೊರಗೆ ಬಂದು, ಕಿಟಕಿಯೊಳಗೆ ಕೈ ಹಾಕಿ, ಕಸದ ಬಕೆಟ್ಟನ್ನು ಮಾಸ್ಟರ ತೊಡೆಯ ಮೇಲೆ ಇಟ್ಟಳು.

"ನಿನ್ನೆ ಯಾಕ್ರೀ ಬರ್ಲಿಲ್ಲ? ಎರಡು ದಿನದ್ದು ಇದೆ, ಎಲ್ಲಾ ತಗೊಂಡ್ಹೋಗಿ."

"ಮೇಡಂ, ಇದು ಡ್ರೈವಿಂಗ್ ಸ್ಕೂಲ್ ಕಾರು! ಮೇಲೆ ಬೋರ್ಡ್ ಇದೆ ನೋಡಿ."

"ಬೋರ್ಡ್ ಎಲ್ಲಾ ಗಾಡಿ ಮೇಲೂ ಇರುತ್ತೆ. ಬರೋದ್ ಮಾತ್ರ ಯಾವ್ದೂ ಬರಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ನಾನು ಬಗ್ಗಿ ಬಕೆಟ್ಟಿನೊಳಗೆ ನೋಡಿದೆ. ಅನ್ನ ಸಾರಿನ ಮೇಲೆ ಮಗುವಿನ ಡೈಪರು ಕೂತಿತ್ತು. ನನ್ನ ಹಳೇ ಸಿಟ್ಟು ನೆತ್ತಿಗೇರಿತು.

"ಹಸಿ ಕಸದಲ್ಲಿ ಡೈಪರ್ ಹಾಕಿದೀರಲ್ಲಮ್ಮ! ಇದನ್ನ ಕೈಯಲ್ಲಿ ಆರಿಸೋರು ಮನುಷ್ಯರಲ್ವಾ? ಬೇರೆ ಮಾಡಿ ತನ್ನಿ, ಕಾಯ್ತೀವಿ."

ಅವಳು ಗೊಣಗಿಕೊಂಡು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಮಾಸ್ಟರು ಪ್ಯಾಂಟು ಒರೆಸಿಕೊಂಡರು. "ಕಾಯ್ತೀವಾ?" ಎಂದು ನನ್ನನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಆಕೆ ವಾಪಸ್ ಬರೋದ್ರೊಳಗೆ ಸೆಕೆಂಡ್ ಗೇರ್ ಹಾಕ್ಬಿಡಿ" ಎಂದರು.

ನನ್ನ ಜೀವನದಲ್ಲಿ ನಾನು ಅಷ್ಟು ಚೆನ್ನಾಗಿ ಸೆಕೆಂಡ್ ಗೇರು ಹಾಕಿದ್ದು ಅದೇ ಮೊದಲು.

4. ಹಿಂದಿನ ಗಾಜು

ಟೆಸ್ಟಿಗೆ ನಮ್ಮ ವ್ಯಾನನ್ನೇ ಒಯ್ಯಬೇಕು, ಅದರಲ್ಲೇ ರಿವರ್ಸ್ ಅಭ್ಯಾಸ ಆಗಲಿ ಎಂದು ಮಾಸ್ಟರು ಒಂದು ಭಾನುವಾರ ಬಾಗಲೂರಿಗೆ ಬಂದರು. ಪಕ್ಕದಲ್ಲಿ ಕೂತು ಒಳಗಿನ ಕನ್ನಡಿ ಸರಿ ಮಾಡಿದವರು ಹಾಗೇ ತಿರುಗಿ ನೋಡಿದರು.

"ಅಕ್ಕಾ, ಹಿಂದೆ ಯಾರೋ ಕೈ ಮುಗಿದು ನಿಂತಿದಾರೆ."

ಅದು ದಾನ ಕೊಟ್ಟವರ ಫೋಟೋ. ಹಿಂದಿನ ಗಾಜಿನ ತುಂಬ ಅಂಟಿಸಿದ್ದರು. ಗಾಜಿನಾಚೆ ಲಾರಿ ಬರಲಿ, ಹಸು ಬರಲಿ, ನನಗೆ ಕಾಣುವುದು ಅವರೊಬ್ಬರೇ. ಮಾಸ್ಟರು ಇಳಿದು ನಿಂತುಬಿಟ್ಟರು. "ಇದನ್ನ ತೆಗೀದೆ ರಿವರ್ಸ್ ಹೇಳ್ಕೊಡಲ್ಲ. ನಂಗೂ ಹೆಂಡ್ತಿ ಮಕ್ಕಳಿದಾರೆ."

ಜಮೀನುದಾರರ ಮನೆಗೆ ಹೋದೆ. ಅವರು ಸೋಫಾದಲ್ಲಿ ಕಾಲು ಮಡಿಸಿ ಕೂತಿದ್ದರು.

"ಫೋಟೋ ತೆಗೀಬೇಕಾ? ಗಾಡಿ ಕೊಟ್ಟಿರಾದೇ ಆ ಗಾಜಿಗೋಸ್ಕರ ಕಣಮ್ಮ. ಇಂದೆ ಬರೋ ನೂರು ಜನ ದಿನಾ ನನ್ನ ನೋಡ್ಬೇಕು."

"ಆ ನೂರು ಜನಾನ ನಾನೂ ನೋಡ್ಬೇಕಲ್ಲ ಸಾರ್? ಇಲ್ದಿದ್ರೆ ಗುದ್ದುತ್ತೀನಿ. ಗುದ್ದಿಸ್ಕೊಂಡೋರು ಓಟ್ ಆಕ್ತಾರಾ?" ಸಿಟ್ಟು ಬಂದರೆ ನನಗೂ ಊರ ಮಾತೇ ಬರುತ್ತದೆ.

ಓಟು ಎಂದ ಕೂಡಲೇ ಅವರು ಯೋಚಿಸಿದರು. "ಸರಿ, ನೋಡಕ್ಕೆ ಎಷ್ಟು ಬೇಕೋ ಅಷ್ಟೇ ತೆಗಿ. ಮುಖ ಆಳು ಮಾಡ್ಬೇಡ."

ನಮ್ಮ ಹೆಂಗಸರಿಗೆ ಗೋಡೆಯ ಪೋಸ್ಟರು ಕೆರೆದು ಅಭ್ಯಾಸ. ಕೆರೆಯುವ ತಗಡು ತಂದು ಜಮೀನುದಾರರು ಹೇಳಿದಂತೆಯೇ ಮಾಡಿದರು. ಮೂಗು, ಮೀಸೆ, ಮುಗಿದ ಕೈ, ಕೊರಳಿನ ಚೈನು, ಎಲ್ಲ ಹಾಗೇ ಬಿಟ್ಟರು. ಎರಡು ಕಣ್ಣು ಮಾತ್ರ ಕೆರೆದು ತೆಗೆದರು, ಒಂದೊಂದೂ ಊಟದ ತಟ್ಟೆಯಷ್ಟು. ನನಗೆ ಅಷ್ಟು ಸಾಕಾಯಿತು. ಮುಂದಿನ ವಾರ ಅಭ್ಯಾಸಕ್ಕೆ ಹೊರಟಾಗ, ನನ್ನ ಕೈ ಹೇಗಿದೆ ನೋಡಿಕೊಂಡು ಬರಲಿ ಎಂದು ಉಳಿದವರು ಹಿರಿಯಾಕೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕಳಿಸಿದರು.

ಸಂಜೆ ಜಮೀನುದಾರರ ಫೋನು ಬಂತು.

"ಏನಮ್ಮಾ, ಕೋಗಿಲು ಕ್ರಾಸಲ್ಲಿ ನನ್ನ ಕಾರು ನಿಮ್ ಗಾಡಿ ಇಂದೇನೇ ನಿಂತಿತ್ತು. ಪಕ್ಕದಲ್ಲಿ ಪಕ್ಷದ ಮುಖಂಡ್ರು ಬೇರೆ ಕೂತಿದ್ರು. ನನ್ನ ಎಡಗಣ್ಣೊಳಗೆ ಯಾವಳೋ ಮುದುಕಿ ಕೂತ್ಕೊಂಡು ಎಲೆ ಅಡಿಕೆ ಜಗೀತಿದ್ಲಲ್ಲ!"

5. ಎರಡು ಏಟು

ಟೆಸ್ಟಿನ ದಿನ ಬರುವ ಹೊತ್ತಿಗೆ ನಗು ಕಡಿಮೆಯಾಗಿತ್ತು. ಏಳು ಜನರಲ್ಲಿ ಇಬ್ಬರಿಗೆ ಆ ತಿಂಗಳು ಎರಡೆರಡು ಸಲ ತಡವಾಗಿತ್ತು. ಇನ್ನೊಂದು ಸಲ ಆದರೆ ಬೋರ್ಡಿನಲ್ಲಿ ಬರೆದದ್ದೇ ಗತಿ. ಆ ಇಬ್ಬರಲ್ಲಿ ಹಿರಿಯಾಕೆಯೂ ಒಬ್ಬಳು. ಈ ವಯಸ್ಸಿನಲ್ಲಿ ಅವಳಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

ಕಸದ ಗಾಡಿಯ ಒಂದು ಪದ್ಧತಿ ಇಲ್ಲಿ ಹೇಳಬೇಕು. ಡ್ರೈವರಿಗೆ ಹಿಂದೆ ಏನೂ ಕಾಣುವುದಿಲ್ಲ, ಗಲಾಟೆಯಲ್ಲಿ ಕೂಗಿದರೆ ಕೇಳುವುದೂ ಇಲ್ಲ. ಅದಕ್ಕೆ ಹಿಂದಿರುವವರು ಗಾಡಿಯ ತಗಡಿಗೆ ಕೈಯಿಂದ ಬಡಿಯುತ್ತಾರೆ. ಒಂದು ಏಟು ಎಂದರೆ ನಿಲ್ಲು. ಎರಡು ಏಟು ಎಂದರೆ ಹೋಗು. ಇದು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಎಲ್ಲ ಗಾಡಿಯಲ್ಲೂ ಇದೇ.

ಇನ್‌ಸ್ಪೆಕ್ಟರು ಗಂಭೀರ ಮನುಷ್ಯ, ಇಸ್ತ್ರಿ ಕೆಡದ ಷರಟು. ಮುಂದಕ್ಕೆ ಓಡಿಸಿದ್ದು, ದಿಬ್ಬದ ಮೇಲೆ ನಿಲ್ಲಿಸಿ ಹೊರಟದ್ದು, ಎಲ್ಲ ಚೆನ್ನಾಗಿಯೇ ಆಯಿತು. ಉಳಿದದ್ದು ರಿವರ್ಸ್. ಕಂಬಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಬೇಕು. ಅವರು ವ್ಯಾನಿನ ಪಕ್ಕದಲ್ಲೇ ನಡೆದು ಬರುತ್ತಿದ್ದರು. ನಾನು ಇನ್ನೇನು ಕಂಬಕ್ಕೆ ತಾಗಬೇಕು, ಅವರು ಗಾಬರಿಯಾಗಿ ವ್ಯಾನಿನ ಮೈಗೆ ಎರಡು ಸಲ ಬಡಿದರು. ದಡ್ ದಡ್!

ನಾನು ಆಕ್ಸಿಲರೇಟರ್ ಒತ್ತಿದೆ. ಕಂಬ ಬಿತ್ತು.

ದಡ್ ದಡ್! ಮತ್ತೆ ಒತ್ತಿದೆ. ಎರಡನೇ ಕಂಬವೂ ಬಿತ್ತು.

"ನಿಲ್ಸಮ್ಮಾ! ನಿಲ್ಸು ಅಂತ ಬಡೀತಿದೀನಿ, ಇನ್ನೂ ಹೋಗ್ತೀಯಲ್ಲ!"

"ಎರಡು ಏಟು ಹೊಡೆದ್ರಲ್ಲ ಸಾರ್? ಎರಡು ಅಂದ್ರೆ ಹೋಗು ಅಂತ. ನಿಲ್ಲೋಕೆ ಒಂದೇ ಏಟು."

"ಇದ್ಯಾವ ಊರಿನ ರೂಲು?"

"ಈ ಊರಿಂದೇ ಸಾರ್. ನಿಮ್ಮನೆ ಮುಂದೆ ದಿನಾ ನಡೆಯುತ್ತೆ, ನೀವು ಆಗ ಮಲಗಿರ್ತೀರ."

ಫೇಲು. ಏಳು ದಿನ ಬಿಟ್ಟು ಬಾ ಎಂದರು. ಆ ಏಳು ದಿನ ನಮ್ಮ ಹೆಂಗಸರು ಬಸ್ಸನ್ನು ನಂಬದೆ, ಕತ್ತಲಿರುವಾಗಲೇ ಎದ್ದು, ಹೆದ್ದಾರಿಯ ಬಸ್ಸು ಸಿಗುವ ಕೋಗಿಲು ಕ್ರಾಸಿನ ತನಕ ನಡೆದರು. ಹಿರಿಯಾಕೆಯ ಮೊಣಕಾಲು ಊದಿತು.

ಎರಡನೇ ಸಲ ಹೋದಾಗ ಅದೇ ಇನ್‌ಸ್ಪೆಕ್ಟರು. ನನ್ನ ಮುಖ ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದರು. ರಿವರ್ಸ್ ಶುರು ಮಾಡುವ ಮೊದಲು ಕಿಟಕಿಯ ಹತ್ತಿರ ಬಂದು, ಸುತ್ತ ಯಾರೂ ಕೇಳುತ್ತಿಲ್ಲ ಎಂದು ನೋಡಿಕೊಂಡು ಕೇಳಿದರು:

"ಅಮ್ಮಾ, ನಿಲ್ಸೋಕೆ ಒಂದಾ, ಎರಡಾ?"

ಪಾಸಾದೆ.

6. ನನ್ನ ಮೇಲೆ ಧರಣಿ

ಒಂದು ತಿಂಗಳು ವ್ಯಾನು ಓಡಿತು. ಒಬ್ಬರಿಗೂ ಒಂದು ದಿನವೂ ತಡವಾಗಲಿಲ್ಲ. ನಾನು ಬೀಗುತ್ತಿದ್ದೆ. ಒಂದು ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಬಂದು ನೋಡಿದರೆ, ಏಳೂ ಜನ ವ್ಯಾನಿನ ಮುಂದೆ ಗೋಣಿಚೀಲ ಹಾಸಿಕೊಂಡು ಸಾಲಾಗಿ ಕೂತಿದ್ದಾರೆ. ಒಬ್ಬಳ ಕೈಯಲ್ಲಿ ರಟ್ಟಿನ ಡಬ್ಬ ಹರಿದು ಬರೆದ ಬೋರ್ಡು. ಅದರ ಮೇಲೆ "ಬೇಕೇ ಬೇಕು, ನ್ಯಾಯ ಬೇಕು."

"ಏನ್ರೇ ಇದು?"

ಅವರಲ್ಲಿ ಬಾಯಿ ಜೋರಿನವಳೊಬ್ಬಳಿದ್ದಾಳೆ. ಎದ್ದು ನಿಂತು ಒಂದು ಹಾಳೆ ಬಿಚ್ಚಿ ಓದಿದಳು. "ಬೇಡಿಕೆ ಒಂದು. ಕಿಟಕಿ ಸೀಟು ಸರದಿ ಪ್ರಕಾರ ಕೊಡಬೇಕು. ಬೇಡಿಕೆ ಎರಡು. ಹಂಪ್ ಬಂದಾಗ ಮುಂಚೆ ಕೂಗಿ ಹೇಳಬೇಕು. ಬೇಡಿಕೆ ಮೂರು. ಡ್ರೈವರು ಗಾಡಿ ಓಡಿಸುತ್ತಾ ಭಾಷಣ ಮಾಡಬಾರದು. ಮಾಡಲೇಬೇಕಾದರೆ ಎರಡೂ ಕೈ ಸ್ಟೀರಿಂಗಿನ ಮೇಲಿರಬೇಕು."

ಮೂರನೆಯದರಲ್ಲಿ ಸತ್ಯವಿತ್ತು. ಕೆಲಸ ಖಾಯಂ ಆಗುವ ವಿಷಯ ಬಂದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ಹಿಂದಿನ ಶನಿವಾರ ಜಕ್ಕೂರಿನ ಹತ್ತಿರ ಎರಡೂ ಎದ್ದಿದ್ದವಂತೆ. ಪಕ್ಕದಲ್ಲಿ ಕೂತಿದ್ದ ಹಿರಿಯಾಕೆ ಸ್ಟೀರಿಂಗು ಹಿಡಿದುಕೊಂಡಿದ್ದಳಂತೆ. ನನಗೆ ನೆನಪಿಲ್ಲ.

"ಮೊದ್ಲು ಎದ್ದೇಳಿ, ಆಮೇಲೆ ಕೂತು ಮಾತಾಡೋಣ" ಎಂದೆ.

ಏಳೂ ಜನ ಒಟ್ಟಿಗೆ ನಕ್ಕರು. "ಈ ಮಾತು ಕೇಳಿ ಏಳ್ಬೇಡಿ ಅಂತ ಹೇಳ್ಕೊಟ್ಟೋರು ನೀವೇ ಅಲ್ವೇನಕ್ಕಾ?"

"ಸರಿ, ಪರಿಶೀಲಿಸ್ತೀನಿ."

"ಎಷ್ಟು ದಿನದೊಳಗೆ?"

"ಹಾಜರಿಗೆ ತಡ ಆಗುತ್ತೆ ಕಣ್ರೇ! ನಷ್ಟ ಯಾರಿಗೆ? ನಿಮಗೇ!"

"ಅದೂ ನಮ್ ಹಾಜರಿ ಮೇಸ್ತ್ರಿ ಹೇಳೋ ಮಾತೇ" ಎಂದಳು ಬಾಯಿ ಜೋರಿನವಳು. "ಬರವಣಿಗೇಲಿ ಕೊಡಿ."

ಗಡಿಯಾರ ನೋಡಿದೆ, ಐದು ಐವತ್ತೈದು. ಹದಿಮೂರು ವರ್ಷದಲ್ಲಿ ನಾನು ಎಷ್ಟು ಅಧಿಕಾರಿಗಳನ್ನು ಹೀಗೆ ಕಟ್ಟಿಹಾಕಿದ್ದೆನೋ, ಅವರೆಲ್ಲ ಯಾಕೆ ಅಷ್ಟು ಸಲ ಗಡಿಯಾರ ನೋಡಿಕೊಳ್ಳುತ್ತಿದ್ದರು ಎಂದು ಆವತ್ತು ಗೊತ್ತಾಯಿತು. ಗೊತ್ತಾದರೂ ಕನಿಕರ ಬರಲಿಲ್ಲ, ಅದು ಬೇರೆ ಮಾತು. ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಮೂರೂ ಬೇಡಿಕೆ ಒಪ್ಪಿದ್ದೇನೆ ಎಂದು ಬರೆದು ಸಹಿ ಹಾಕಿದೆ. ಅವರು ಹಾಳೆ ಮಡಿಸಿ ಇಟ್ಟುಕೊಂಡರು, ಗೋಣಿಚೀಲ ಸುತ್ತಿದರು, ವ್ಯಾನು ಹತ್ತಿದರು. ಮುಗಿಯಿತು ಎಂದುಕೊಂಡು ಸ್ಟಾರ್ಟ್ ಮಾಡಿದೆ.

ಹಿರಿಯಾಕೆ ನನ್ನ ಭುಜ ತಟ್ಟಿದಳು. "ಅಮ್ಮಾಯಿ, ಇನ್ನೂ ಒಂದು ಬಾಕಿ. ಘೋಷಣೆ ಕೂಗ್ಲಿಲ್ಲ."

"ಕೂಗಿ, ಯಾರ್ ಬೇಡ ಅಂದ್ರು?"

"ನಮಗೆ 'ಧಿಕ್ಕಾರ' ಅನ್ನಕ್ಕಷ್ಟೇ ಬರೋದು. ಮುಂದೆ ನಿಂತು ಕೂಗೋಳು ಯಾವಾಗ್ಲೂ ನೀನೇ ಅಲ್ವಾ?"

ಆ ದಿನ ಬಾಗಲೂರಿನಿಂದ ಅಮೃತಹಳ್ಳಿಯ ತನಕ "ಡ್ರೈವರ್ ದಬ್ಬಾಳಿಕೆಗೆ" ಎಂದು ಗಂಟಲು ಹರಿಯುವಂತೆ ಕೂಗಿದವಳು ನಾನೇ. ಒಪ್ಪಂದದ ಪ್ರಕಾರ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು.